ನಾಲ್ಕನೇ ಸಲ ಮುಟ್ಟಿದ್ದು

ಜನವರಿ ೬, ಸೋಮವಾರ

ಹಿಟ್ಟಿಗೆ ಹುಳು ಬೀಳದಂತೆ ಅರವತ್ತು ವರ್ಷ ಜರಡಿ ಹಿಡಿದ ಕೈ ಇದು. ನನ್ನ ಮಗಳ ಮಗಳು ಇಷ್ಟೆಲ್ಲ ಓದಿ, ಹೆಸರಿನ ಮುಂದೆ ಡಾಕ್ಟರ್ ಎಂದು ಅಂಟಿಸಿಕೊಂಡು ಮಾಡುವ ಕೆಲಸ ಅದೇ ಹುಳುವಿಗೆ ಹಿಟ್ಟು ಹಾಕಿ ಸಾಕುವುದು ಎಂದು ಇವತ್ತು ತಿಳಿಯಿತು.

ಬಲಗಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಯಿತು. ಎಡಗಣ್ಣಿನ ಸರದಿ ಏಪ್ರಿಲ್‌ನಲ್ಲಿ. ಆಸ್ಪತ್ರೆ ಮೊಮ್ಮಗಳ ಕ್ವಾರ್ಟರ್ಸಿಗೆ ಹತ್ತಿರ, ಅಲ್ಲಿಯವರೆಗೆ ಅವಳ ಜೊತೆಗೇ ಇರು ಎಂದು ಮಗಳ ಅಪ್ಪಣೆ. ಬಗ್ಗುವಂತಿಲ್ಲ, ಒಲೆಯ ಮುಂದೆ ನಿಲ್ಲುವಂತಿಲ್ಲ, ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ. ಯಾರನ್ನೂ ಬೈಯಬಾರದು ಎಂದು ಮಾತ್ರ ಕಣ್ಣಿನ ಡಾಕ್ಟರು ಹೇಳಲಿಲ್ಲ, ಪುಣ್ಯ.

ಬೆಳಿಗ್ಗೆ ಅಡುಗೆಮನೆಯ ಕಪಾಟು ತೆಗೆದೆ. ಹಿಂದುಗಡೆ ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಾಜಿನ ಜಾಡಿ. ತುಂಬ ಹಿಟ್ಟು, ಹಿಟ್ಟಿನ ತುಂಬ ಎಳ್ಳುಕಾಳಿನಷ್ಟು ಕೆಂಪು ಹುಳುಗಳು. ಎತ್ತಿಕೊಂಡು ಕಸದ ಬುಟ್ಟಿಯವರೆಗೆ ಹೋಗಿದ್ದೆ. ಬಚ್ಚಲಿನಿಂದ ಒದ್ದೆ ತಲೆಯಲ್ಲೇ ಓಡಿ ಬಂದಳು.

“ಅಜ್ಜೀ! ಇಡು ಅದನ್ನ!”

“ಹುಳ ಬಿದ್ದಿದೆ ಕಣೇ.”

“ಬಿದ್ದಿಲ್ಲ. ನಾನೇ ಬಿಟ್ಟಿರೋದು.”

ಅವಳು ಕೆಲಸ ಮಾಡುವ ಸಂಸ್ಥೆಯಲ್ಲಿ ಕರೆಂಟು ಕೈಕೊಟ್ಟು ಅಲ್ಲಿರುವವು ಸತ್ತರೆ ಬೀಜಕ್ಕೆ ಇರಲಿ ಎಂದು ಒಂದು ಜಾಡಿ ಮನೆಯಲ್ಲಿ ಇಟ್ಟಿದ್ದಾಳಂತೆ. ಅಷ್ಟರಲ್ಲಿ ಒಂದು ಹುಳು ಬಟ್ಟೆಯ ಸಂದಿಯಿಂದ ಹೊರಬಿದ್ದು ಮೇಜಿನ ಮೇಲೆ ಹೊರಟಿತ್ತು. ಹೆಬ್ಬೆರಳಿನಿಂದ ಒರೆಸಿಬಿಟ್ಟೆ. ಪಕ್ಕದ ಮನೆಯವರ ಹಸುವನ್ನು ಬಡಿದು ಕೊಂದೆನೇನೋ ಎನ್ನುವ ಹಾಗೆ ನನ್ನನ್ನು ನೋಡಿದಳು.

ಈ ಪುಸ್ತಕ ಅವಳೇ ಕೊಟ್ಟದ್ದು. ದಿನಕ್ಕೆ ಅರ್ಧ ಪುಟ ಬರಿ ಅಜ್ಜಿ, ಹೊತ್ತು ಹೋಗುತ್ತೆ ಅಂದಳು. ನನ್ನ ಬಾಯಿಯಿಂದ ತಪ್ಪಿಸಿಕೊಳ್ಳಲು ಕೊಟ್ಟ ಲಂಚ.

ಜನವರಿ ೯, ಗುರುವಾರ

ಗೋಡೆ ನೋಡಿ ನೋಡಿ ಸಾಕಾಗಿ, ನಿನ್ನ ಹುಳುಗಳ ಮನೆಗೆ ನನ್ನನ್ನೂ ಕರಕೊಂಡು ಹೋಗು ಅಂದೆ. ಅಂಗಳ ದಾಟಿದರೆ ಸಂಸ್ಥೆ. ಎರಡು ಬಾಗಿಲು, ಒಂದು ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ. ಒಳಗೆ ಕೋಳಿ ಕಾವಿಗೆ ಕೂತ ಬುಟ್ಟಿಯ ಹಾಗೆ ಬೆಚ್ಚಗೆ. ನೆಲದಿಂದ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಡಬ್ಬಿಗಳು, ಡಬ್ಬಿ ಡಬ್ಬಿಗೂ ಚೀಟಿ.

ಚೀಟಿ ಬರೆಯುವವನು ನರೆತ ಮೀಸೆಯ ಒಬ್ಬ ಮನುಷ್ಯ. ಮೀಸೆಯಲ್ಲೂ ಹಿಟ್ಟು. ಅವನಿಗೆ ನಾನು ಡಬ್ಬಿರಾಯ ಎಂದು ಹೆಸರಿಟ್ಟೆ. ಜರಡಿಯಲ್ಲಿ ಹಿಟ್ಟು ಸೋಸಿ ಹುಳುಗಳನ್ನೂ ಮೊಟ್ಟೆಗಳನ್ನೂ ಬೇರೆ ಮಾಡುತ್ತಿದ್ದ. ನೋಡಲಾಗಲಿಲ್ಲ.

“ಜರಡಿ ಹಿಡೀತಿದ್ದೀಯೋ ಮಗು ಮಲಗಿಸ್ತಿದ್ದೀಯೋ? ಕೊಡಿಲ್ಲಿ.”

ಮಣಿಕಟ್ಟು ಸಡಿಲ ಬಿಟ್ಟು ನಾಲ್ಕು ಸುತ್ತು ಸುತ್ತಿದೆ. ಹಿಟ್ಟು ಕೆಳಗೆ, ಹುಳು ಮೇಲೆ.

“ಇಪ್ಪತ್ತು ವರ್ಷದ ಸರ್ವಿಸ್ ನಂದು ಅಜ್ಜಿ, ನೀವು ಎರಡು ನಿಮಿಷದಲ್ಲಿ ಮಾನ ಕಳೆದ್ರಿ,” ಅಂದ. ಆಸಾಮಿ ಒಳ್ಳೆಯವನು.

ಮೊಮ್ಮಗಳು ತಿಳಿಸಿ ಹೇಳಿದಳು. ಈ ಹುಳುವಿಗೂ ರೋಗ ಬರುತ್ತದಂತೆ. ಕಣ್ಣಿಗೆ ಕಾಣದ ಒಂದು ಜೀವ ಹಿಟ್ಟಿನ ಜೊತೆ ಮರಿಹುಳುವಿನ ಹೊಟ್ಟೆಗೆ ಹೋಗಿ, ಕರುಳಿನಲ್ಲಿ ಸಂಸಾರ ಹೂಡಿ, ಕೊನೆಗೆ ಮನೆಯ ಯಜಮಾನನನ್ನೇ ತಿಂದು ಮುಗಿಸುತ್ತದೆ. ಪರಾವಲಂಬಿ ಎಂದು ಅದರ ಹೆಸರು.

“ನಿಮ್ಮ ತಾತನ ಚಿಕ್ಕಪ್ಪ ಒಬ್ಬರು ನಮ್ಮನೆಗೆ ಬಂದು ಹೀಗೇ ಕೂತಿದ್ರು, ಎಂಟು ತಿಂಗಳು,” ಅಂದೆ.

ರೋಗದ ರುಚಿ ಕಂಡ ತಾಯಿಹುಳು ಮೊಟ್ಟೆಯೊಳಗೆ ತನ್ನ ಮಕ್ಕಳಿಗೆ ಏನಾದರೂ ರಕ್ಷಣೆ ಇಟ್ಟು ಕಳಿಸುತ್ತದೆಯೇ? ಇದು ಅವಳ ಪ್ರಶ್ನೆ. ನಾಲ್ಕು ವರ್ಷದಿಂದ ಇದೇ ಪ್ರಶ್ನೆ. ಇವಳ ಮೇಲಿನವರು, ದೊಡ್ಡ ಮೇಡಂ, ಮಾರ್ಚ್ ಮುಗಿಯುವುದರೊಳಗೆ ಉತ್ತರ ಕೇಳಿದ್ದಾರೆ. ಕೊಡದಿದ್ದರೆ ಈ ಬೆಚ್ಚಗಿನ ಕೋಣೆ ಇನ್ನೊಂದು ತಂಡಕ್ಕೆ ಹೋಗುತ್ತದೆ. ಹುಳುಗಳು ಫ್ರೀಜರಿಗೆ.

“ಹುಳುವಿನ ತಾಯಿ ಮಕ್ಕಳ ಬಗ್ಗೆ ತಿಳಿದು ಯಾರಿಗೆ ಏನು ಬರಬೇಕೇ?” ಎಂದು ಕೇಳಿದೆ. ಅವಳು ನಕ್ಕಳು. ನಗು ಮುಖದಲ್ಲಿ ನಿಲ್ಲಲಿಲ್ಲ.

ಜನವರಿ ೧೩, ಸೋಮವಾರ

ಮನೆಯಲ್ಲಿ ಕೂತು ಏನು ಮಾಡಲಿ ಎಂದು ಜರಡಿ ಹಿಡಿಯಲು ಹೋದೆ. ಇವತ್ತು ಮರಿಹುಳುಗಳನ್ನು ಪರೀಕ್ಷೆಗೆ ಇಳಿಸುವ ದಿನ. ಪರಾವಲಂಬಿ ಬೆರೆಸಿದ ಹಿಟ್ಟಿನಲ್ಲಿ ಎರಡು ವಾರ ಬಿಡಬೇಕು, ಆಮೇಲೆ ಎಷ್ಟು ಉಳಿದವು ಎಂದು ಎಣಿಸಬೇಕು. ಇಪ್ಪತ್ತು ಡಬ್ಬಿ, ಡಬ್ಬಿಗೆ ಇಪ್ಪತ್ತೈದು ಮರಿ. ಹತ್ತು ಡಬ್ಬಿಯಲ್ಲಿ ರೋಗವೇ ಕಾಣದ ತಾಯಂದಿರ ಮಕ್ಕಳು, ಹತ್ತರಲ್ಲಿ ರುಚಿ ಕಂಡ ತಾಯಂದಿರ ಮಕ್ಕಳು. ರುಚಿ ಕಾಣಿಸುವುದೆಂದರೆ ಪರಾವಲಂಬಿಯನ್ನು ಕಾಯಿಸಿ ಕೊಂದು ತಾಯಿಯ ಹಿಟ್ಟಿಗೆ ಬೆರೆಸುವುದು.

ಹತ್ತು ಡಬ್ಬಿಗೆ ಆಗುವಷ್ಟರಲ್ಲಿ ಹಿಟ್ಟಿನ ಚೀಲ ಬರಿದಾಯಿತು. ಡಬ್ಬಿರಾಯ ಹೊಸ ಚೀಲ ಬಿಚ್ಚಿದ. “ಇನ್ನು ಇದು ರುಚಿ ಕಂಡವರ ಮಕ್ಕಳಿಗೆ,” ಅಂದ. ಈ ಹಿಟ್ಟು ಸ್ವಲ್ಪ ತರಿ. ಬೇರೆ ಗಿರಣಿಯದು. ಯಾವ ಹಿಟ್ಟಾದರೇನು, ತಿನ್ನುವುದು ಹುಳು ತಾನೆ.

ಎಲ್ಲ ಮುಗಿದ ಮೇಲೆ ಅವನೊಬ್ಬನೇ ಕೂತು ಚೀಟಿ ಎತ್ತಿ ಡಬ್ಬಿಗಳ ನಂಬರು ಬದಲಿಸಿದ. ಯಾವುದು ಯಾವುದೆಂದು ಲಕೋಟೆಯಲ್ಲಿ ಬರೆದು ಅಂಟಿಸಿ ದೊಡ್ಡ ಮೇಡಮ್ಮಿಗೆ ಕೊಟ್ಟ. ಎಣಿಸುವವರಿಗೆ ಗೊತ್ತಾಗಬಾರದಂತೆ.

ಜನವರಿ ೧೫, ಬುಧವಾರ

ಇವತ್ತು ನೋಡಿದ್ದನ್ನು ಹೇಗೆ ಬರೆಯಲಿ?

ಮೊಮ್ಮಗಳು ಮರಿಹುಳುವಿನ ಮೈಯಿಂದ ಸೂಜಿಮೊನೆಯಷ್ಟು ನೀರು ತೆಗೆದಳು. ಅದು ರಕ್ತವಂತೆ. ಕೆಂಪಿಲ್ಲ. ಅದಕ್ಕೆ ಪರಾವಲಂಬಿಯ ಒಂದು ಉಂಡೆ ಸೇರಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟು, ಹೊಸ ಕಣ್ಣು ಇಡು ಇಲ್ಲಿ ಅಂದಳು.

ಮೊದಲು ಬರೀ ಬೆಳಕು. ಆಮೇಲೆ ಗಾಜಿನ ಚೂರಿನಂಥ ಸಣ್ಣ ಸಣ್ಣ ಜೀವಗಳು. ನಡುವೆ ಆ ಉಂಡೆ, ಕಳ್ಳನ ಹಾಗೆ ಸುಮ್ಮನೆ ಕೂತಿತ್ತು. ಗಾಜಿನ ಚೂರೊಂದು ಹತ್ತಿರ ಬಂತು. ಕೈ ಚಾಚಿತು. ಅದಕ್ಕೆ ಕೈಯಿಲ್ಲ, ಮೈಯನ್ನೇ ಕೈ ಮಾಡಿ ಚಾಚಿತು. ಮುಟ್ಟಿ ನೋಡಿತು. ಅಂಟಿಕೊಂಡಿತು. ಅದರ ಹಿಂದೆ ಇನ್ನೊಂದು. ಆಮೇಲೆ ನಾಲ್ಕು, ಹತ್ತು. ಬೆಂಕಿ ಬಿದ್ದ ಮನೆಗೆ ಬೀದಿಯವರೆಲ್ಲ ಕೈಗೆ ಸಿಕ್ಕ ಕೊಡ ಹಿಡಿದು ಓಡಿ ಬರುವ ಹಾಗೆ. ಬಂದವು ಕಳ್ಳನ ಮೇಲೆ ಚಪ್ಪಟೆಯಾಗಿ ಹಾಸಿಕೊಂಡವು, ಒಂದರ ಮೇಲೊಂದು. ಊಟ ಮುಗಿಸಿ ಓಡಿ ಬಂದು ನೋಡಿದರೆ ಆ ಗಂಟು ಕಪ್ಪಗಾಗಿತ್ತು. ಸುತ್ತಿ, ಕಟ್ಟಿ, ಮಸಿ ಬಳಿದು ಕೂರಿಸಿಬಿಟ್ಟಿದ್ದವು.

“ಇವಕ್ಕೆ ಇದನ್ನ ಹೇಳಿಕೊಟ್ಟೋರು ಯಾರೇ?”

“ಯಾರೂ ಇಲ್ಲ ಅಜ್ಜಿ.”

“ತಾಯಿ?”

“ತಾಯಿ ಹಿಟ್ಟಲ್ಲಿ ಮೊಟ್ಟೆ ಇಟ್ಟು ನಡೆದುಬಿಡುತ್ತೆ. ಮಕ್ಕಳ ಮುಖಾನೂ ನೋಡಲ್ಲ.”

ಕಣ್ಣು ನೋಯುತ್ತಿದೆಯಾ ಎಂದು ಕೇಳಿದಳು. ಇಲ್ಲ ಅಂದೆ. ಅರವತ್ತು ವರ್ಷದಲ್ಲಿ ಎಷ್ಟು ಸಾವಿರ ಹುಳುಗಳನ್ನು ಬಿಸಿಲಿಗೆ ಹಾಕಿದ್ದೇನೋ. ಒಂದೊಂದರ ಒಳಗೂ ಇಷ್ಟು ದೊಡ್ಡ ಊರು ಇತ್ತೆಂದು ಯಾರಿಗೆ ಗೊತ್ತಿತ್ತು?

ಜನವರಿ ೨೭, ಸೋಮವಾರ

ನಾಳೆಯಿಂದ ನಾನು ಎಣಿಸುವವಳು.

ಎಣಿಸಬೇಕಿದ್ದ ಹುಡುಗಿ ಬೇರೆ ಕಡೆ ಕೆಲಸ ಸಿಕ್ಕಿತೆಂದು ಹೋದಳು. ಮೊಮ್ಮಗಳು ಎಣಿಸುವಂತಿಲ್ಲ, ಉತ್ತರದ ಮೇಲೆ ಆಸೆ ಇರುವವರು ಎಣಿಸಬಾರದು. ಅಜ್ಜಿ ಎಣಿಸಲಿ ಎಂದು ಡಬ್ಬಿರಾಯನೇ ಅಂದ. ದೊಡ್ಡ ಮೇಡಂ ಬಂದರು. ಕನ್ನಡಕ ಕೊರಳಲ್ಲಿ, ಮಾತು ತೂಕದಲ್ಲಿ. ಒಂದು ತಟ್ಟೆ ಕೊಟ್ಟು ಮೂರು ಸಲ ಎಣಿಸಿ ಅಂದರು. ಮೂರು ಸಲವೂ ಹತ್ತೊಂಬತ್ತು ಅಂದೆ. “ನಮ್ಮ ವಿದ್ಯಾರ್ಥಿಗಳು ಮೂರು ಸಲ ಎಣಿಸಿದ್ರೆ ನಾಲ್ಕು ಉತ್ತರ ಬರುತ್ತೆ,” ಅಂದರು.

ಮೊಮ್ಮಗಳು ನಿಯಮ ಹೇಳಿಕೊಟ್ಟಳು. ಸಣ್ಣ ಕುಂಚದಿಂದ ಮರಿಯ ಪಕ್ಕೆಗೆ ಮೂರು ಸಲ ಮುಟ್ಟಬೇಕು. ಅಲುಗಿದರೆ ಬದುಕಿದೆ. ಮೂರಕ್ಕೂ ಅಲುಗದಿದ್ದರೆ ಸತ್ತಿದೆ ಎಂದು ಗೀಟು ಹಾಕಿ ಮುಂದೆ ಹೋಗಬೇಕು.

“ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡಬೇಕು ಅಜ್ಜಿ.”

“ದಿನಕ್ಕೆ ನಾಲ್ಕು ಸಲ ಔಷಧಿ ಬಿಟ್ಕೋತಿದೀನಿ, ಅದು ಸಾಲದಾ?”

ಜನವರಿ ೨೮, ಮಂಗಳವಾರ

ಹತ್ತು ಡಬ್ಬಿ ಮುಗಿಯಿತು. ಸತ್ತವು ನೆಟ್ಟಗೆ, ಬೆಳ್ಳಗೆ, ದಾರದ ತುಂಡಿನ ಹಾಗೆ. ಬದುಕಿರುವವು ಕುಂಚ ತಾಗಿದ ಕೂಡಲೇ ಸುರುಳಿ ಸುತ್ತುತ್ತವೆ, ಏಳು ಅಂದರೆ ಇನ್ನೊಂದು ಮಗ್ಗುಲಿಗೆ ಹೊರಳುವ ಮಕ್ಕಳ ಹಾಗೆ. ಮೂರನೆಯ ಡಬ್ಬಿಯಲ್ಲಿ ಹಿಟ್ಟು ಪಕ್ಕಕ್ಕೆ ಸರಿಸುವಾಗ ಉಗುರಿನ ಸಂದಿಗೆ ತರಿ ಸಿಕ್ಕಿತು. ಹೊಸ ಚೀಲದ ಹಿಟ್ಟು. ಹಾಗಾದರೆ ಇವು ರುಚಿ ಕಂಡವರ ಮಕ್ಕಳು. ನಾನೇನು ತಿಳಿಯಬೇಕೆಂದು ತಿಳಿದದ್ದಲ್ಲ, ಬೆರಳಿಗೆ ಗೊತ್ತಾಯಿತು.

ಆ ಡಬ್ಬಿಯಲ್ಲಿ ಒಂದು ಮರಿ ಮೂರು ಸಲಕ್ಕೂ ಅಲುಗಲಿಲ್ಲ. ಕುಂಚ ಸರಿಯಾಗಿ ತಾಗಿರಲಿಲ್ಲವೇನೋ ಎಂದು ಇನ್ನೊಂದು ಸಲ ಮುಟ್ಟಿದೆ. ಅಲುಗಿತು.

ಜನವರಿ ೨೯, ಬುಧವಾರ

ಉಳಿದ ಹತ್ತೂ ಮುಗಿಯಿತು. ಕೆಲವು ಮರಿಗಳು ಬಹಳ ನಿಧಾನ. ನಾಲ್ಕನೇ ಸಲಕ್ಕೆ ಅಲುಗುತ್ತವೆ. ಕೆಲವು ಅಲುಗಿದ ಹಾಗೆ ಕಾಣುತ್ತವೆ. ಸುಸ್ತಾಗಿ ಮಲಗಿದ್ದನ್ನು ಸತ್ತಿದೆ ಎಂದು ಬರೆದುಬಿಟ್ಟರೆ ಹೇಗೆ?

ಜನವರಿ ೩೧, ಶುಕ್ರವಾರ

ಲಕೋಟೆ ಒಡೆದರು! ರೋಗ ಕಾಣದ ತಾಯಂದಿರ ಇನ್ನೂರೈವತ್ತು ಮಕ್ಕಳಲ್ಲಿ ಉಳಿದವು ಎಂಬತ್ತೆಂಟು. ರುಚಿ ಕಂಡ ತಾಯಂದಿರ ಇನ್ನೂರೈವತ್ತರಲ್ಲಿ ನೂರ ನಲವತ್ತೇಳು. ದೊಡ್ಡ ಮೇಡಂ ಕನ್ನಡಕ ಹಾಕಿಕೊಂಡು ಎರಡು ಸಲ ಕೂಡಿದರು. ಮೊಮ್ಮಗಳು ನನ್ನನ್ನು ಎತ್ತಿಕೊಂಡು ಸುತ್ತು ಹಾಕುವುದೊಂದು ಬಾಕಿ. ಡಬ್ಬಿರಾಯ ಎಲ್ಲರಿಗೂ ಟೀ ತರಿಸಿದ. “ಈ ಅಜ್ಜಿ ಕೈಗುಣ,” ಅಂದ.

ಬರುವ ವಾರ ಲೇಖನ ಬರೆದು ಕಳಿಸುತ್ತಾಳಂತೆ. ಬೇರೆ ಬೇರೆ ದೇಶದವರು ಓದುತ್ತಾರಂತೆ.

ಫೆಬ್ರವರಿ ೨, ಭಾನುವಾರ

ಊಟ ಸೇರಲಿಲ್ಲ. ಮಗಳು ಫೋನ್ ಮಾಡಿದಾಗ ಕಣ್ಣು ಒತ್ತುತ್ತಿದೆ ಎಂದೆ. ಕಣ್ಣಿಗೇನೂ ಆಗಿಲ್ಲ.

ಫೆಬ್ರವರಿ ೩, ಸೋಮವಾರ

ಬೆಳಿಗ್ಗೆ ತಿಂಡಿಗೆ ಕೂತಾಗ ಹೇಳಿಬಿಟ್ಟೆ.

“ನಿನ್ನ ಲೆಕ್ಕ ಸರಿಯಿಲ್ಲ ಕಣೇ. ನಾನು ನಾಲ್ಕನೇ ಸಲ ಮುಟ್ಟಿದೆ.”

ಅವಳು ನಕ್ಕಳು. “ಹೋಗಲಿ ಬಿಡು. ಎಲ್ಲಾ ಡಬ್ಬಿಗೂ ಒಂದೇ ಥರ ಮುಟ್ಟಿದ್ರೆ ತೊಂದರೆ ಇಲ್ಲ.”

“ಎಲ್ಲದಕ್ಕೂ ಅಲ್ಲ. ರುಚಿ ಕಂಡವರ ಮಕ್ಕಳಿಗೆ ಮಾತ್ರ.”

ಚಮಚ ನಿಂತಿತು. “ಯಾವುದು ಯಾರ ಮಕ್ಕಳು ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಹಿಟ್ಟು.”

“ಹಿಟ್ಟಾ?”

“ಆ ಹತ್ತು ಡಬ್ಬಿಗೆ ಹಾಕಿದ್ದು ಹೊಸ ಚೀಲದ್ದು. ಬೇರೆ ಗಿರಣಿ. ತರಿ ಇದೆ. ಮುಟ್ಟಿದ್ರೆ ಗೊತ್ತಾಗಲ್ವಾ?”

ಅವಳ ಮುಖದ ಬಣ್ಣ ಇಳಿಯಿತು. ನಾನು ನಾಲ್ಕನೇ ಸಲ ಮುಟ್ಟಿದ್ದು ಒಂದು ತಪ್ಪು, ಅದು ನನ್ನದು. ಆದರೆ ಎರಡು ಗುಂಪಿಗೆ ಎರಡು ಹಿಟ್ಟು ಹೋಗಿದ್ದರೆ, ಮಕ್ಕಳು ಉಳಿದದ್ದು ತಾಯಿಯಿಂದಲೋ ಹಿಟ್ಟಿನಿಂದಲೋ ಹೇಳುವುದು ಹೇಗೆ? ಇದು ಅವಳು ಹೇಳಿದ ಮೇಲೆ ನನಗೆ ಹೊಳೆಯಿತು. ನಾಲ್ಕು ವರ್ಷದ ಪ್ರಶ್ನೆ ಒಂದು ತಟ್ಟೆಯ ಮುಂದೆ ಬಿದ್ದುಹೋಯಿತು.

ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟಿ ಓಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಡಲು ನನಗೆ ಬರುತ್ತದೆ.

ಮಧ್ಯಾಹ್ನ ದೊಡ್ಡ ಮೇಡಂ ಕರೆಸಿದರು. ಎರಡು ಬಟ್ಟಲಲ್ಲಿ ಹಿಟ್ಟು ಇಟ್ಟು, ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಬಟ್ಟಲು ಹಿಂದೆ ಮುಂದೆ ಮಾಡಿ ಹತ್ತು ಸಲ ಕೇಳಿದರು. ಹತ್ತು ಸಲವೂ ಸರಿ ಹೇಳಿದೆ. ಬಟ್ಟೆ ಬಿಚ್ಚಿದಾಗ ಡಬ್ಬಿರಾಯ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

“ತಪ್ಪು ನಂದು ಮೇಡಂ. ಚೀಲ ಬದಲಾಯ್ತು ಅಂತ ಪುಸ್ತಕದಲ್ಲಿ ಬರೀಲಿಲ್ಲ,” ಅಂದ.

“ಹದಿನೆಂಟು ವರ್ಷದಿಂದ ಇಲ್ಲಿ ಹಿಟ್ಟು ತರಿಸ್ತಿದ್ದೀನಿ,” ಅಂದರು ಮೇಡಂ. “ಒಂದು ಸಲಾನೂ ನಾನು ಮುಟ್ಟಿ ನೋಡಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಲೇಖನ ಹೋಗೋಕೆ ಮುಂಚೆ ಹೇಳಿದ್ರಿ. ಎಷ್ಟೋ ಜನ ಹೇಳಲ್ಲ. ಆದ್ರೆ ಯಾಕೆ ಮುಟ್ಟಿದ್ರಿ ಅಜ್ಜಿ?”

ಅಭ್ಯಾಸ ಅಂದೆ.

ಅದು ಸುಳ್ಳು. ಇಲ್ಲಿ ನಿಜ ಬರೆಯುತ್ತೇನೆ, ಇಲ್ಲಿ ಯಾರು ನೋಡುತ್ತಾರೆ. ನನ್ನ ಮೊದಲನೆಯವನು ಹೊಟ್ಟೆಯಲ್ಲಿದ್ದಾಗ ನನಗೆ ನಲವತ್ತು ದಿನ ಚಳಿಜ್ವರ. ಹುಟ್ಟಿದಾಗ ಎರಡು ಅಂಗೈಯಗಲ ಇದ್ದ. ಏಳು ತಿಂಗಳು ಇದ್ದ. ರೋಗಿಷ್ಠ ಹೊಟ್ಟೆಯಿಂದ ಬಂದದ್ದು ಎಷ್ಟು ದಿನ ಬಾಳೀತು ಎಂದು ಅತ್ತೆ ಅಂದರು. ಅವರು ಕೆಟ್ಟವರಲ್ಲ. ಊರೆಲ್ಲ ಹಾಗೇ ಅನ್ನುತ್ತಿತ್ತು, ಅವರು ನನ್ನ ಎದುರಿಗೆ ಅಂದರು, ಅಷ್ಟೆ. ಆಮೇಲೆ ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ. ಆ ಮಾತನ್ನು ಎಲ್ಲರೂ ಮರೆತರು.

ಕುಂಚ ಹಿಡಿದಾಗ, ಕಾಯಿಲೆ ಕಂಡ ತಾಯಿಯ ಮಗು ಬದುಕಿದೆ ಎಂದು ಬರೆಯುವ ಅಧಿಕಾರ ನನ್ನ ಕೈಗೆ ಬಂದಿತ್ತು. ಬರೆದೆ.

ಫೆಬ್ರವರಿ ೫, ಬುಧವಾರ

ಇನ್ನೊಂದು ಸಲ ಮಾಡಲು ಮಾತ್ರ ಸಮಯ ಇದೆ, ಎರಡು ಸಲಕ್ಕೆ ಇಲ್ಲ ಎಂದರು ದೊಡ್ಡ ಮೇಡಂ. ಹೊಸ ತಾಯಂದಿರು, ಹೊಸ ಮೊಟ್ಟೆ, ಮೊದಲಿನಿಂದ. ಮಾರ್ಚ್ ಕೊನೆಯ ವಾರಕ್ಕೆ ಎಣಿಕೆ. ಆಗಲೂ ಉತ್ತರ ಸಿಗದಿದ್ದರೆ ಕೋಣೆ ಕೈತಪ್ಪುತ್ತದೆ.

ಮೊಮ್ಮಗಳು ನನ್ನ ಜೊತೆ ಮಾತಾಡುತ್ತಿದ್ದಾಳೆ. ಮಾತ್ರೆ ತಗೊಂಡಾ, ಬಾಗಿಲು ಹಾಕಿಕೋ, ಇಷ್ಟೇ.

ಫೆಬ್ರವರಿ ೭, ಶುಕ್ರವಾರ

ಡಬ್ಬಿರಾಯ ಬಾಗಿಲಿಗೆ ಬಂದು, “ಎರಡು ಚೀಲ ಬೆರೆಸಿ ಒಂದೇ ಹಿಟ್ಟು ಮಾಡಬೇಕಂತೆ ಅಜ್ಜಿ, ನಿಮ್ಮ ಕೈಗೂ ವ್ಯತ್ಯಾಸ ಗೊತ್ತಾಗಬಾರದಂತೆ. ಮೇಡಂ ಹೇಳಿ ಕಳಿಸಿದ್ರು,” ಅಂದ.

ಹೋದೆ. ನಾಲ್ಕು ಸಲ ಜರಡಿ ಹಿಡಿದೆವು. ಗುಡ್ಡೆ ಮಾಡಿ, ಹರಡಿ, ಮತ್ತೆ ಗುಡ್ಡೆ ಮಾಡಿ. ಕೊನೆಗೆ ಹತ್ತು ಕಡೆಯಿಂದ ಹಿಡಿ ಹಿಡಿ ತೆಗೆದು ಬೆರಳಲ್ಲಿ ಉಜ್ಜಿದೆ. ಎಲ್ಲ ಒಂದೇ. ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳಂತೆ. ನನಗೆ ಕಾಣಲಿಲ್ಲ, ಎಡಗಣ್ಣಿನ ಕಡೆ ನಿಂತಿದ್ದಳು.

“ಮುಗೀತಾ?” ಅಂದಳು.

“ಮುಗೀತು. ಇದರಲ್ಲಿ ಎರಡು ಹಿಟ್ಟು ಹುಡುಕಿದೋರಿಗೆ ನನ್ನ ಬಳೆ ಬಿಚ್ಚಿ ಕೊಡ್ತೀನಿ.”

ನಕ್ಕಳು. ಈ ಸಲ ನಗು ಮುಖದಲ್ಲಿ ನಿಂತಿತು.

ಫೆಬ್ರವರಿ ೧೭, ಸೋಮವಾರ

ಹೊಸ ತಾಯಂದಿರು ಮೊಟ್ಟೆ ಇಟ್ಟರು. ಎಷ್ಟು ಸಣ್ಣದು ಮೊಟ್ಟೆ! ಅಂಟು ಅಂಟಾಗಿ ಹೊರಗೆ ಬಂದು ಮೈಗೆಲ್ಲ ಹಿಟ್ಟು ಮೆತ್ತಿಕೊಂಡು ಹಿಟ್ಟೇ ಆಗಿ ಕೂರುತ್ತದೆ. ಯಾರ ಕಣ್ಣೂ ಬೀಳದ ಹಾಗೆ. ತಾಯಿಗೆ ಗೊತ್ತಿದ್ದು ಮಾಡುವುದೋ ಗೊತ್ತಿಲ್ಲದೆ ಮಾಡುವುದೋ? ಗೊತ್ತಿದೆ ಎಂದರೆ ಆಶ್ಚರ್ಯ. ಗೊತ್ತಿಲ್ಲದೆಯೇ ಇಷ್ಟು ಮಾಡುತ್ತದೆ ಎಂದರೆ ಇನ್ನೂ ದೊಡ್ಡ ಆಶ್ಚರ್ಯ.

ಬಾಣಂತಿಯರ ಡಬ್ಬಿಗಳನ್ನು ಬಾಗಿಲಿನ ಗಾಳಿಗೆ ಇಡಬೇಡ ಎಂದು ಡಬ್ಬಿರಾಯನಿಗೆ ಹೇಳಿದೆ.

ಮಾರ್ಚ್ ೧೦, ಸೋಮವಾರ

ಮರಿಗಳು ಪರೀಕ್ಷೆಗೆ ಇಳಿದವು. ನನಗೆ ಒಳಗೆ ಬರುವ ಅಪ್ಪಣೆ ಇಲ್ಲ, ಆಸೆ ಇರುವವರ ಪಟ್ಟಿಯಲ್ಲಿ ಈಗ ನಾನೂ ಇದ್ದೇನೆ. ನನ್ನನ್ನು ಆ ಪಟ್ಟಿಗೆ ಸೇರಿಸಿದ್ದು ಸರಿ. ಅಂಗಳದ ಕಲ್ಲುಬೆಂಚಿನ ಮೇಲೆ ಕೂತು ಬಂದೆ.

ಮಾರ್ಚ್ ೨೪, ಸೋಮವಾರ

ಈ ಸಲ ಎಣಿಸುವವರು ಸಂಸ್ಥೆಯ ಲೈಬ್ರರಿಯಾಕೆ. ಹುಳು ಎಂದರೆ ಮೈಮೇಲೆ ಮುಳ್ಳು ಏಳುತ್ತದೆ ಆಕೆಗೆ. ಎರಡು ಜೊತೆ ಕೈಗವಸು, ಮೂಗಿಗೆ ಬಟ್ಟೆ.

“ನಿಮಗೆ ಯಾವ ಡಬ್ಬಿ ಗೆಲ್ಲಬೇಕು ಅಂತ ಆಸೆ ಇದೆಯಾ?” ಎಂದು ದೊಡ್ಡ ಮೇಡಂ ಕೇಳಿದರಂತೆ.

“ಎಲ್ಲಾ ಸತ್ತಿದ್ರೆ ನಾನು ಬೇಗ ಮನೆಗೆ ಹೋಗಬಹುದು,” ಅಂದ ಆ ಪುಣ್ಯಾತ್ಗಿತ್ತಿಯನ್ನೇ ಆರಿಸಿದ್ದಾರೆ.

ಬೆಂಚಿನ ಮೇಲೆ ಕೂತಿದ್ದೆ. ಮಧ್ಯಾಹ್ನ ಆಕೆ ಗಾಳಿಗೆ ಹೊರಗೆ ಬಂದರು. ಏನೂ ಕೇಳಬಾರದು ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಆಕೆಯೇ ಅಂದರು, “ಅಲ್ಲ ಅಜ್ಜಿ, ಮೂರು ಸಲ ಮುಟ್ಟಿದಾಗ ಸುಮ್ಮನೆ ಇರುತ್ತೆ, ಗೀಟು ಹಾಕಿದ ಮೇಲೆ ಮೆಲ್ಲಗೆ ಅಲುಗುತ್ತೆ. ಕರುಳು ಚುರುಕ್ ಅನ್ನುತ್ತೆ.”

“ಗೀಟು ಹಾಕಿದ್ದು ಹಾಕಿದ್ದೇ ಕಣಮ್ಮ,” ಅಂದೆ. ಈ ಮಾತು ಹೇಳಿದ್ದು ನಾನೇನಾ ಎಂದು ಆಮೇಲೆ ಅನ್ನಿಸಿತು.

ಮಾರ್ಚ್ ೨೬, ಬುಧವಾರ

ಲಕೋಟೆ ಒಡೆಯುವಾಗ ನನ್ನನ್ನೂ ಕರೆದರು. ಮೇಜಿನ ಸುತ್ತ ಐದು ಜನ. ದೊಡ್ಡ ಮೇಡಂ ನಂಬರು ಓದಿದರು, ಮೊಮ್ಮಗಳು ಬರೆದುಕೊಂಡಳು. ಒಂದೊಂದು ಅಂಕಿಯೂ ನೆಟ್ಟಗೇ ಬೀಳುತ್ತಿತ್ತು.

ರೋಗ ಕಾಣದ ತಾಯಂದಿರ ಮಕ್ಕಳು ತೊಂಬತ್ತೊಂದು. ರುಚಿ ಕಂಡ ತಾಯಂದಿರ ಮಕ್ಕಳು ನೂರ ಹದಿನೆಂಟು.

ಯಾರೂ ಕುಣಿಯಲಿಲ್ಲ. ಹೋದ ಸಲ ಐವತ್ತೊಂಬತ್ತು ಹೆಚ್ಚು ಬಂದಿತ್ತು, ಈ ಸಲ ಇಪ್ಪತ್ತೇಳು. ಮೊಮ್ಮಗಳು ಕಂಪ್ಯೂಟರಿನಲ್ಲಿ ಏನೋ ಹಾಕಿ ನೋಡಿದಳು. ಸುಮ್ಮನೆ ಬರುವ ವ್ಯತ್ಯಾಸ ಅಲ್ಲ, ನಿಜವಾದದ್ದೇ ಇರಬೇಕು ಎಂದು ಬಂತಂತೆ.

“ಸಣ್ಣದು,” ಅಂದಳು.

“ಸಣ್ಣದು, ಆದ್ರೆ ಇದೆ,” ಅಂದರು ದೊಡ್ಡ ಮೇಡಂ. “ಇನ್ನೆರಡು ಸಲ ಮಾಡಿ. ಕೋಣೆ ನಿಮ್ಮದೇ.”

ಡಬ್ಬಿರಾಯ ಮೀಸೆ ಒರೆಸಿಕೊಂಡ. ಈ ಸಲ ಅವನು ಒರೆಸಿಕೊಂಡದ್ದು ಹಿಟ್ಟಲ್ಲ.

ದಾರಿಯಲ್ಲಿ ಮೊಮ್ಮಗಳನ್ನು ಕೇಳಿದೆ. “ಐವತ್ತೊಂಬತ್ತರಲ್ಲಿ ನಾನು ಬದುಕಿಸಿದ್ದು ಎಷ್ಟೇ?”

“ನಿನ್ನ ಕುಂಚ ಎಷ್ಟು, ಹಿಟ್ಟು ಎಷ್ಟು, ಇನ್ನು ಗೊತ್ತಾಗಲ್ಲ ಅಜ್ಜಿ. ಈ ಇಪ್ಪತ್ತೇಳರಲ್ಲಿ ಮಾತ್ರ ನೀನಿಲ್ಲ, ಹಿಟ್ಟಿಲ್ಲ. ಇದು ತಾಯಿದು.”

ಇಪ್ಪತ್ತೇಳು. ಮುಖ ನೋಡದ ಮಕ್ಕಳು, ಹೆಸರಿಲ್ಲದ ಮಕ್ಕಳು. ತಾನು ಉಂಡ ಕಹಿಯನ್ನು ಆ ಪುಟ್ಟ ಮೈ ಎಲ್ಲೋ ನೆನಪಿಟ್ಟುಕೊಂಡು, ಧೂಳಿನ ಕಣದಂಥ ಮೊಟ್ಟೆಯೊಳಗೆ ಇದು ಕಳ್ಳ, ಬಂದರೆ ಹೀಗೆ ಹಿಡಿ ಎಂದು ಬರೆದು ಕಳಿಸಿದೆ. ಯಾವ ಅಕ್ಷರದಲ್ಲಿ ಬರೆಯಿತೋ! ನಾಲ್ಕು ವರ್ಷ ಹುಡುಕಿದರೂ ಅದೊಂದು ಇವರಿಗೂ ಇನ್ನೂ ಗೊತ್ತಿಲ್ಲವಂತೆ. ಅಂಗಳದ ನಡುವೆ ನಿಂತುಬಿಟ್ಟೆ.

ಮಾರ್ಚ್ ೨೭, ಗುರುವಾರ

ಮೊಮ್ಮಗಳು ಇವತ್ತು ತಡವಾಗಿ ಎದ್ದಳು. ಟೀ ಲೋಟ ಹಿಡಿದು ಅಡುಗೆಮನೆಯ ಕಟ್ಟೆಯ ಮೇಲೆ ಕೂತಿದ್ದಳು, ಚಿಕ್ಕವಳಿದ್ದಾಗ ಕೂರುತ್ತಿದ್ದ ಹಾಗೆ.

“ಅವತ್ತು ಅಭ್ಯಾಸ ಅಂದೆಯಲ್ಲ ಅಜ್ಜಿ. ನಿನ್ನ ಯಾವ ಅಭ್ಯಾಸಾನೂ ಅಷ್ಟು ಮೆತ್ತಗಿಲ್ಲ,” ಅಂದಳು. “ಯಾಕೆ ಮುಟ್ಟಿದೆ?”

ಹೇಳಿದೆ. ಜ್ವರ, ಎರಡು ಅಂಗೈಯಗಲದ ಮಗು, ಏಳು ತಿಂಗಳು, ಅತ್ತೆಯ ಮಾತು. ಅವಳಮ್ಮನಿಗೆ, ಎಂದರೆ ನನ್ನ ಮಗಳಿಗೇ ಇದನ್ನು ಪೂರ್ತಿ ಹೇಳಿಲ್ಲ. ಹೇಳುತ್ತಾ ಸ್ಟವ್ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ನೋಡು, ಹುಳುವಿನ ತಾಯಿಗೆ ಇರುವಷ್ಟು ಕೈಗುಣ ನನಗಿರಲಿಲ್ಲ, ನನ್ನ ಕಾಯಿಲೆ ಅವನಿಗೆ ಏನೂ ಕಟ್ಟಿಕೊಡಲಿಲ್ಲ ಅಂದೆ.

ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ. ಹೇಳಿದ್ದರೆ ಬೈಯಲು ಸಿದ್ಧವಾಗಿದ್ದೆ. ಅವಳು ಲೋಟದೊಳಗೆ ನೋಡಿದಳು. ನಿನ್ನೆ ಅಂಕಿಗಳನ್ನು ನೋಡುತ್ತಿದ್ದ ಮುಖವೇ ಅದು.

“ಹುಳುವಿನ ಲೆಕ್ಕ ತಂದು ಮನುಷ್ಯರಿಗೆ ಹೇಳೋಕೆ ನನಗೆ ಬರಲ್ಲ ಅಜ್ಜಿ. ನಿನ್ನ ಮಗು ಯಾಕೆ ಹೋಯ್ತು ಅಂತ ನನಗೆ ಗೊತ್ತಿಲ್ಲ.” ಲೋಟ ಪಕ್ಕಕ್ಕಿಟ್ಟಳು. “ಆದ್ರೆ ನಿಮ್ಮತ್ತೆಗೂ ಗೊತ್ತಿರಲಿಲ್ಲ. ಅವರು ಎಣಿಸಿ ಹೇಳಿದ ಮಾತಲ್ಲ ಅದು.”

“ಇನ್ನೊಂದು ಸಲ ಹೇಳು,” ಅಂದೆ.

“ಅವರು ಎಣಿಸಿ ಹೇಳಿದ ಮಾತಲ್ಲ ಅಜ್ಜಿ.”

ಐವತ್ತೆಂಟು ವರ್ಷ. ಊರಿಗೆಲ್ಲ ಎದುರುತ್ತರ ಕೊಟ್ಟ ಬಾಯಿ ನನ್ನದು. ಇದೊಂದು ಮಾತಿಗೆ, ಯಾರು ಎಣಿಸಿ ನೋಡಿದಿರಿ ಎಂದು ಕೇಳಬಹುದಿತ್ತು ಎನ್ನುವುದೇ ನನಗೆ ಹೊಳೆದಿರಲಿಲ್ಲ.

ಅವನಿಗೆ ಏನೆಂದು ಹೆಸರಿಟ್ಟಿದ್ದೆ ಎಂದು ಕೇಳಿದಳು. ಹೇಳಿದೆ. ಜೋರಾಗಿಯೇ ಹೇಳಿದೆ.